ನಾಮ್ ಪೆನ್‌ನಿಂದ ಅಕ್ಕನಿಗೆ

ನಾಮ್ ಪೆನ್, ಕಾಂಬೋಡಿಯ
15 ಜುಲೈ 2012

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಮಕ್ಕಳ ಜೀವ ತೆಗೆಯುತ್ತಿರುವ ಕಾಯಿಲೆಯನ್ನು ಟಿವಿಯವರು ‘ನಿಗೂಢ ರೋಗ’ ಅಂದಿದ್ದಕ್ಕೆ ಅಮ್ಮನಿಗೆ ನಿದ್ದೆಯೇ ಇಲ್ಲವಂತೆ. ಈಗ ಅದಕ್ಕೆ ಹೆಸರು ಸಿಕ್ಕಿದೆ, ಎಂಟರೋವೈರಸ್ 71. ಚಿಕ್ಕ ಮಕ್ಕಳಿಗೆ ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುತ್ತವಲ್ಲ, ಆ ಕಾಯಿಲೆ ತರುವ ವೈರಸ್‌ಗಳಲ್ಲಿ ಒಂದು. ದನಗಳ ಕಾಲುಬಾಯಿ ಜ್ವರವೇ ಬೇರೆ.

ಈ ಕಾಯಿಲೆ ಬಗ್ಗೆ ನಾವು ನಡೆಸುತ್ತಿರುವ ತನಿಖೆ ಅಂದರೆ ಜಾಸ್ತಿ ಹೊತ್ತು ಹಳೇ ಕೇಸ್ ಶೀಟ್ ಓದುವುದೇ. ಒಟ್ಟು 78 ಮಕ್ಕಳದ್ದು. ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದರಲ್ಲೇ ಅರ್ಧ ವಾದ. ಕೊನೆಗೆ 17 ಹೊರಗಿಟ್ಟೆವು, 61 ಉಳಿದವು. ಅವರಲ್ಲಿ 54 ಮಕ್ಕಳು ತೀರಿಹೋಗಿದ್ದಾರೆ. ಹೆಚ್ಚಿನವರಿಗೆ ಮೂರು ವರ್ಷವೂ ತುಂಬಿರಲಿಲ್ಲ.

ಈ ವೈರಸ್ ಬಂದ ಬಹುಪಾಲು ಮಕ್ಕಳು ತಾವಾಗೇ ಹುಷಾರಾಗುತ್ತಾರೆ. ಕೆಲವರಲ್ಲಿ ಮಾತ್ರ ಅದು ಮಿದುಳಿನ ಬುಡಕ್ಕೆ ಇಳಿಯುತ್ತದೆ. ಹೃದಯ, ಉಸಿರಾಟ ಎರಡನ್ನೂ ನಡೆಸುವ ಜಾಗ ಅದು. ಅಲ್ಲಿ ಕೆಟ್ಟರೆ ಕೆಲವೇ ಗಂಟೆಗಳಲ್ಲಿ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಎಕ್ಸ್-ರೇ ಪೂರಾ ಬೆಳ್ಳಗೆ. ನೋಡಿದವರು ನ್ಯುಮೋನಿಯಾ ಅಂದುಕೊಂಡರೆ ತಪ್ಪೇನು?

ನನ್ನನ್ನು ಕಾಡುತ್ತಿರುವುದು ಔಷಧಿ ಬರೆದಿರುವ ಪುಟ. ಎಷ್ಟೋ ಮಕ್ಕಳಿಗೆ ಯಾವುದೋ ಒಂದು ಹಂತದಲ್ಲಿ ಸ್ಟಿರಾಯ್ಡ್ ಕೊಟ್ಟಿದ್ದಾರೆ. ಈ ವೈರಸ್ ಇದ್ದಾಗ ಅದರಿಂದ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಕೊಟ್ಟವರ ಮೇಲೆ ನನಗೆ ಕೋಪವಿಲ್ಲ. ಮಗು ಏದುಸಿರು ಬಿಡುತ್ತಿರುವಾಗ, ಏನು ಕಾಯಿಲೆ ಅಂತಲೇ ತಿಳಿಯದಿರುವಾಗ, ಕೈಕಟ್ಟಿ ಕೂರಲು ಯಾರಿಗಾಗುತ್ತದೆ? ಆದರೆ ಯಾವ ದಿನ, ಎಷ್ಟು ಕೊಟ್ಟರು ಅಂತ ಬರೆಯದೇ ಬಿಟ್ಟಿರುವುದನ್ನು ಕಂಡಾಗ ಮಾತ್ರ ಮೈ ಉರಿಯುತ್ತದೆ.

ಇಲ್ಲಿನ ಪಾಶ್ಚರ್ ಸಂಸ್ಥೆಯವರು ಮೊದಲು ಪರೀಕ್ಷೆ ಮಾಡಿದ 24 ಮಕ್ಕಳಲ್ಲಿ 15 ಮಕ್ಕಳಿಗೆ ಈ ವೈರಸ್ ಇತ್ತು. ಹಕ್ಕಿಜ್ವರ, ಸಾರ್ಸ್, ನಿಪಾ ಯಾವುದೂ ಅಲ್ಲ ಅಂತಲೂ ಗೊತ್ತಾಯಿತು. ಎಲ್ಲರನ್ನೂ ಪರೀಕ್ಷಿಸಲು ಆಗಲಿಲ್ಲ. ಕೆಲವು ಮಕ್ಕಳು ಮಾದರಿ ತೆಗೆಯುವ ಮೊದಲೇ ಹೋಗಿಬಿಟ್ಟಿದ್ದರು.

ಪುಟ್ಟಿಗೆ ಇದು ಬಾರದಂತೆ ಏನು ಮಾಡಬೇಕು ಅಂತ ನೀನು ಕೇಳಿದ್ದೆ ಅಲ್ವಾ. ಅವಳ ಕೈ ಸೋಪು ಹಾಕಿ ತೊಳೆಸು, ಬಟ್ಟೆ ಬದಲಿಸಿದ ಮೇಲೆ ನೀನೂ ತೊಳೆದುಕೋ. ಸ್ಯಾನಿಟೈಸರ್ ನೆಚ್ಚಬೇಡ, ಈ ವೈರಸ್ ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಬರೀ ಗುಳ್ಳೆ ಕಂಡರೆ ಸುಮ್ನೆ ಗಾಬರಿ ಬೀಳಬೇಡ. ಜ್ವರದ ಜೊತೆ ಪದೇ ಪದೇ ಬೆಚ್ಚಿಬಿದ್ದರೆ, ನಡಿಗೆ ತಡವರಿಸಿದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗು.

ನಾಳೆಯಿಂದ ಊರಾಚೆಯ ಆಸ್ಪತ್ರೆಗಳಿಗೆ ಹೋಗಬೇಕು, ಮಾದರಿ ತೆಗೆದು ಕಳಿಸುವುದನ್ನು ತೋರಿಸಿಕೊಡಲು. ಫೋನ್ ಸಿಗುವುದು ಕಷ್ಟ. ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ