ಎಂಬಿ, ಎಂಬಿಪಿಎಸ್, ಬಫರಿಂಗ್: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ‘40 ಎಂಬಿಪಿಎಸ್ ಕನೆಕ್ಷನ್ ಅಂತಾರೆ, ಸೆಕೆಂಡಿಗೆ 5 ಎಂಬಿ ಮಾತ್ರ ಡೌನ್‌ಲೋಡ್ ಆಗ್ತಿದೆ, ಮೋಸ ಅಲ್ವಾ?’ ಅಂತ ನಿನ್ನೆ ಮೂವರು ಕೇಳಿದ್ರಿ. ಮೋಸ ಅಲ್ಲ. ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ, ಎಂಬಿ ಅಂದ್ರೆ ಮೆಗಾಬೈಟ್. ವೇಗವನ್ನು ಬಿಟ್‌ನಲ್ಲಿ ಹೇಳ್ತಾರೆ, ಫೈಲಿನ ಗಾತ್ರವನ್ನು ಬೈಟ್‌ನಲ್ಲಿ. 8 ಬಿಟ್ ಸೇರಿದ್ರೆ 1 ಬೈಟ್. 40ನ್ನು 8ರಿಂದ ಭಾಗಿಸಿ, 5 ಬಂತಲ್ಲ!

‘ಸ್ವಯಂ’ (ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ) ಪಾಠದ ವಿಡಿಯೊದಲ್ಲಿ ಚಕ್ರ ತಿರುಗುತ್ತಾ ನಿಂತ್ರೆ ಅದೇ ಬಫರಿಂಗ್. ಮುಂದಿನ ತುಣುಕು ಬರೋ ಮೊದಲೇ ಬಂದಿದ್ದೆಲ್ಲ ಖಾಲಿಯಾಗಿರುತ್ತೆ. ವಿಡಿಯೊ ಗುಣಮಟ್ಟವನ್ನು 720ಪಿಯಿಂದ 360ಪಿಗೆ ಇಳಿಸಿ. ಮೇಷ್ಟ್ರ ಮುಖ ಸ್ವಲ್ಪ ಮಸುಕಾಗುತ್ತೆ, ಪರವಾಗಿಲ್ಲ. ಬೋರ್ಡಿನ ಅಕ್ಷರ ಕಾಣದಿದ್ರೆ ಮಾತ್ರ ಏರಿಸಿ.

ಇನ್ನೊಂದು: ‘ಸ್ವಯಂ’ ಸೇರೋದು ಉಚಿತ, ಸರ್ಟಿಫಿಕೇಟ್ ಪರೀಕ್ಷೆಗೆ ಶುಲ್ಕ ಇದೆ. ಎನ್‌ರೋಲ್ ಒತ್ತಿದ ಮಾತ್ರಕ್ಕೆ ಪರೀಕ್ಷೆಗೆ ನೋಂದಣಿ ಆಗಲ್ಲ, ಅದನ್ನು ಬೇರೆಯಾಗೇ ಮಾಡಬೇಕು.