ಮುಂದೆ ಗೇಣಗಲ, ಒಳಗೆ ಎರಡು ಥಿಯೇಟರು

ಎಲ್ಲರಿಗೂ ನಮಸ್ಕಾರ. ಟೊರಾಂಟೋದ ಈಟನ್ ಸೆಂಟರ್ ಮಾಲ್‌ಗೆ ನಾವೆಲ್ಲ ಎಷ್ಟು ಸಲ ಹೋಗಿದೀವೋ ಲೆಕ್ಕ ಇಲ್ಲ, ಆದ್ರೆ ಯಂಗ್ ಸ್ಟ್ರೀಟ್‌ನ ಆ ಕಡೆ ಎಲ್ಗಿನ್ ಅಂತ ಬೋರ್ಡ್ ಇರೋ ಬಾಗಿಲನ್ನ ನಾನಂತೂ ವರ್ಷಗಟ್ಟಲೆ ಯಾವುದೋ ಸಣ್ಣ ಟಾಕೀಸು ಅನ್ಕೊಂಡಿದ್ದೆ. ಹೋದ ತಿಂಗಳು ಒಳಗೆ ಹೋದ್ಮೇಲೆ ಗೊತ್ತಾಯ್ತು, ಇದು ನಮ್ಮ ಚಿಕ್ಕಪೇಟೆ ಹಳೇ ಮನೆಗಳ ಥರ, ಮುಂದೆ ಗೇಣಗಲ, ಒಳಗೆ ನಡೆದಷ್ಟೂ ಉದ್ದ! ಯಂಗ್ ಸ್ಟ್ರೀಟಲ್ಲಿ ಜಾಗ ದುಬಾರಿ, ಅದಕ್ಕೆ ಅಲ್ಲಿ ಬರೀ ಬಾಗಿಲು, ಲಾಬಿ ಇಟ್ಟು ನಿಜವಾದ ಥಿಯೇಟರನ್ನ ಹಿಂದಿನ ವಿಕ್ಟೋರಿಯಾ ಸ್ಟ್ರೀಟ್ ಕಡೆಗೆ ಕಟ್ಟಿದಾರೆ.

ಅದೂ ಒಂದಲ್ಲ, ಒಂದರ ಮೇಲೊಂದು ಎರಡು. ಅಮೆರಿಕದ ಥಿಯೇಟರ್ ಮಾಲೀಕ ಮಾರ್ಕಸ್ ಲೋ ಕಟ್ಟಿಸಿದ್ದು, ಪ್ಲಾನ್ ಥಾಮಸ್ ಲ್ಯಾಂಬ್ ಅವರದ್ದು. ಕೆಳಗಿನದು, ಅಂದ್ರೆ ಈಗಿನ ಎಲ್ಗಿನ್, 1913ರ ಡಿಸೆಂಬರಲ್ಲಿ, ಏಳನೇ ಮಹಡಿ ಎತ್ತರದ ವಿಂಟರ್ ಗಾರ್ಡನ್ 1914ರ ಫೆಬ್ರವರಿಯಲ್ಲಿ ಶುರು. ಎರಡರಲ್ಲೂ ನಡೀತಿದ್ದದ್ದು ವಾಡ್ವಿಲ್, ಅಂದ್ರೆ ಹಾಡು, ಕುಣಿತ, ಜಾದೂ, ತಮಾಷೆ, ನಡುನಡುವೆ ಮೂಕಿ ಚಿತ್ರ. ಕೆಳಗೆ ಕಮ್ಮಿ ರೇಟು, ಬೆಳಗ್ಗಿಂದ ರಾತ್ರಿವರೆಗೂ ಓಡ್ತಾನೇ ಇರ್ತಿತ್ತು. ಮೇಲೆ ರಿಸರ್ವ್ ಸೀಟು, ಸಂಜೆ ಮಾತ್ರ. ಐಟಂ ಅವೇ, ದುಡ್ಡು ಬೇರೆ. ವ್ಯಾಪಾರ ಅಂದ್ರೆ ಇದಪ್ಪಾ.

ಟಾಕಿ ಬರೋ ಹೊತ್ತಿಗೆ, 1928ರಲ್ಲಿ, ಮೇಲಿನದಕ್ಕೆ ಬೀಗ ಬಿತ್ತು, ಕೆಳಗಿನದು ಸಿನಿಮಾ ಹಾಲ್ ಆಯ್ತು. ಬೀಗ ಹಾಕಿದ್ದೇ ಒಳ್ಳೇದಾಯ್ತು ನೋಡಿ, ಯಾರೂ ಒಡೆದು ಹೊಸದು ಮಾಡ್ಲಿಲ್ಲ, ವಾಡ್ವಿಲ್ ಕಾಲದ ಬಣ್ಣದ ಸೀನರಿಗಳು ಅಲ್ಲೇ ಉಳ್ಕೊಂಡ್ವು. ಅದೇ ಕಾಲಕ್ಕೆ ನಮ್ಮ ಗುಬ್ಬಿ ಕಂಪನಿಯೋರೂ ಪರದೆ ಹೊತ್ಕೊಂಡು ಊರೂರು ತಿರುಗ್ತಿದ್ರಲ್ಲ, ನಂಗೆ ಅದನ್ನೆಲ್ಲ ನೋಡ್ತಾ ನೋಡ್ತಾ ಅವರ ಪರದೆಗಳೇ ನೆನಪಾದ್ವು.

1981ರಲ್ಲಿ ಒಂಟಾರಿಯೋ ಸರ್ಕಾರದ ಹೆರಿಟೇಜ್ ಸಂಸ್ಥೆ ಕೊಂಡ್ಕೊಂಡು ರಿಪೇರಿ ಮಾಡಿ 1989ರಲ್ಲಿ ಮತ್ತೆ ತೆರೀತು. ಮೇಲಿನ ಗೋಡೆ ಚಿತ್ರಕ್ಕೆ ನೀರು ತಾಗಿದ್ರೆ ಬಣ್ಣ ಹೋಗುತ್ತೆ ಅಂತ ಹಸಿ ಬ್ರೆಡ್ ಹಿಟ್ಟನ್ನ ಗೋಡೆ ಮೇಲೆ ಉರುಳಿಸಿ ಕೊಳೆ ತೆಗೆದರಂತೆ, ನೂರಾರು ಪೌಂಡ್ ಹಿಟ್ಟು! (ನಮ್ಮ ಮನೇಲಿ ಇದನ್ನ ಹೇಳಿದ್ದಕ್ಕೆ "ಚಪಾತಿ ಹಿಟ್ಟು ಮುಟ್ಬೇಡಿ" ಅಂತ ಆರ್ಡರ್ ಆಗಿದೆ.) ಸೂರಿನ ತುಂಬ ನಿಜವಾದ ಬೀಚ್ ಎಲೆ ಒಣಗಿಸಿ ನೇತು ಹಾಕಿದಾರೆ, ನಡುವೆ ಲಾಟೀನು, ಕಂಬಗಳು ಮರದ ಬೊಡ್ಡೆ ಥರ, ಕೂತ್ರೆ ಮದುವೆ ಚಪ್ಪರದಲ್ಲಿ ಕೂತಂಗಿರುತ್ತೆ.

ಗೈಡ್ ಟೂರ್ ಇದ್ದಾಗ ಹೋಗಿಬನ್ನಿ. ಮಂಡಿ ನೋವಿರೋರು ಹೆದರ್ಬೇಡಿ, ಲಿಫ್ಟ್ ಇದೆ.