ಗುಂಡನಿಗೆ, ಸೆವೆನ್ ಐರನ್ ವಿಷಯವಾಗಿ

ಲೋ ಗುಂಡ,

ಫೋನಿನಲ್ಲಿ ಹೇಳಿದರೆ ಬೈಯುತ್ತೀಯ. ಇಲ್ಲಾದರೆ ನಾಲ್ಕು ಜನ ಓದುತ್ತಿರುತ್ತಾರೆ, ಮರ್ಯಾದೆಗೆ ಅಂಜಿ ಸುಮ್ಮನಿರುತ್ತೀಯ ಅನ್ನೋ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಓಹಾಯೊದಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಅಲ್ಲಿಯವರೆಗೆ ನನ್ನ ಗಾಲ್ಫೆಲ್ಲ ಗ್ಯಾರೇಜಿನಲ್ಲೇ, ನೀನು ಹೆಸರಿಟ್ಟ ಆ ಗರಡಿಮನೆಯಲ್ಲಿ.

(ಗೊತ್ತಿಲ್ಲದವರಿಗೆ: ಸೆವೆನ್ ಐರನ್ ಅಂದರೆ ಒಂದು ಬಗೆಯ ಗಾಲ್ಫ್ ಕೋಲು. ಕೋಲಿನ ಉದ್ದನೆಯ ಕೊಳವೆಯೇ ಶಾಫ್ಟ್. ಅದು ನೇರ ಇದೆಯಾ ಅಂತ ಮೊದಮೊದಲು ಅಡುಗೆಮನೆಯ ಗ್ರಾನೈಟ್ ಮೇಲೆ, ಚಪಾತಿ ಲಟ್ಟಿಸುವ ಜಾಗದಲ್ಲಿ, ಉರುಳಿಸಿ ನೋಡುತ್ತಿದ್ದೆ. ಆದರೆ ಸ್ಟೀಲ್ ಶಾಫ್ಟು ಹಿಡಿಯ ಕಡೆ ದಪ್ಪ, ತಲೆಯ ಕಡೆ ಸಣ್ಣ, ನಡುವೆ ಮೆಟ್ಟಿಲು ಮೆಟ್ಟಿಲು. ನೇರ ಉರುಳದೆ ಸುತ್ತು ಹಾಕುತ್ತದೆ. ಬೈಗುಳ ತಿಂದ ಮೇಲೆ ವಿ-ಬ್ಲಾಕ್, ಅಂದರೆ ತಲೆಯ ಮೇಲೆ V ಆಕಾರದ ಕಚ್ಚು ಇರುವ ದಿಮ್ಮಿ, ತಂದೆ. ಎರಡು ಬ್ಲಾಕಿನ ಮೇಲೆ ಶಾಫ್ಟ್ ಮಲಗಿಸಿ, ನಡುವೆ ಡಯಲ್ ಗೇಜಿನ (ಕೂದಲೆಳೆಯಷ್ಟು ಏರಿಳಿತವನ್ನೂ ಗಡಿಯಾರದಂಥ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಮೂತಿ ತಾಗಿಸಿ, ಬೆರಳಲ್ಲಿ ಮೆಲ್ಲಗೆ ತಿರುಗಿಸುವುದು. ಒಂದು ಗೆರೆ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಮುಳ್ಳು 8 ಗೆರೆ ಆಡಿದರೆ ಡೊಂಕು ಅದರ ಅರ್ಧ, 4 ಗೆರೆ. ಸ್ಟೀಲಾದರೆ ಬಗ್ಗಿಸಿ ಸರಿ ಮಾಡಬಹುದು. ಗ್ರಾಫೈಟ್ ಆದರೆ ಬಗ್ಗುವುದಿಲ್ಲ, ಮುರಿಯುತ್ತದೆ.)

ಮೂರು ವರ್ಷದ ಹಿಂದೆ ನಿನ್ನ ಸೆವೆನ್ ಐರನ್ ಹೀಗೇ ನೋಡಿದೆ. "ಡೊಂಕು ಮಾರಾಯ" ಅಂದೆ. ಮಂಡಿಗೆ ಟವೆಲ್ ಸುತ್ತಿಕೊಂಡು ಬಗ್ಗಿಸಿದೆ. ಮುಳ್ಳು ಸುಮ್ಮನಾಗಲಿಲ್ಲ, ಇನ್ನೂ ಸ್ವಲ್ಪ ಬಗ್ಗಿಸಿದೆ. ಹಿಡಿಯ ತುದಿಯಿಂದ ಹಿಡಿದು ತಳ ಇನ್ನು 5 ಇಂಚು ಇರುವವರೆಗೂ ಶಾಫ್ಟ್ ನೇರ ಇರಬೇಕು, ಹಾಗಂತ ರೂಲ್ಸೇ ಇದೆ ಅಂತ ಉಪದೇಶ ಬೇರೆ.

ಮೊನ್ನೆ ಪಕ್ಕದ ಮನೆಯವರ ಕೋಲು ಬಂತು. ಮತ್ತೆ ಮುಳ್ಳಿನ ಅದೇ ನೆಗೆತ. ಟವೆಲ್ ಸುತ್ತಿಕೊಂಡವನು ಯಾಕೋ ಒಮ್ಮೆ ಬಗ್ಗಿ ನೋಡಿದೆ. ಗ್ರಿಪ್ಪಿನ ಕೆಳಗೆ ಶಾಫ್ಟ್ ಕಂಪನಿಯ ಸ್ಟಿಕರ್ ಇರುತ್ತಲ್ಲ, ಅದರ ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕೂತಿದೆ. ನನ್ನ ಬ್ಲಾಕು ಸರಿಯಾಗಿ ಅದರ ಕೆಳಗೆ. ಬ್ಲಾಕನ್ನು ಎರಡು ಬೆರಳಷ್ಟು ಆಚೆ ಸರಿಸಿ ತಿರುಗಿಸಿದೆ.

ಮುಳ್ಳು ಅಲ್ಲಾಡಲಿಲ್ಲ.

ನಿಜವಾದ ಡೊಂಕಾದರೆ ಮುಳ್ಳು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಬೇಕು. ನಿನ್ನದು ಟಕ್ ಅಂತ ನೆಗೆದಿತ್ತು, ಸ್ಟಿಕರಿನ ಅಂಚು ಹತ್ತಿದ ಹಾಗೆ. ಅದು ನನಗೆ ಆಗಲೇ ಕಂಡಿತ್ತು ಕಣೋ. ಕಂಡೂ ಮುಂದೆ ಹೋದೆ. ಯಾಕೆ ಅಂದರೆ, ತಪ್ಪು ಹುಡುಕಿ ಸರಿ ಮಾಡಿದರೆ ನೀನು "ನಿನ್ನ ಕೈಗುಣ" ಅನ್ನುತ್ತಿದ್ದೆ. ನೇರ ಇದೆ, ತಗೊಂಡು ಹೋಗು ಅಂದಿದ್ದರೆ ನನಗೇನು ಸಿಗುತ್ತಿತ್ತು?

ಆ ಬೇಸಿಗೆಯೆಲ್ಲ ನಿನ್ನ ಚೆಂಡು ಎಡಕ್ಕೇ ಹೋಯಿತು. ವಯಸ್ಸಾಯ್ತು, ಭುಜ ತಿರುಗುತ್ತಿಲ್ಲ ಅಂದೆ ನೀನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀನು ಅಷ್ಟೂ ಅನ್ನಲಿಲ್ಲ. ನೆಲ ಡೊಂಕೇ ಇತ್ತು, ಗುಂಡ. ಡೊಂಕು ಮಾಡಿದವನು ಪಕ್ಕದಲ್ಲೇ ನಿಂತು "ತಲೆ ಎತ್ತಬೇಡ" ಅಂತ ಪಾಠ ಹೇಳುತ್ತಿದ್ದ. ಊರಿಗೆ ವಾಪಸ್ ಹೊರಟಾಗ ನೀನು ಸೆಟ್ಟನ್ನು ಯಾರಿಗೋ ಕೊಟ್ಟೆ. ಈಗ ಮೈಸೂರಲ್ಲಿ ರೇಸ್‌ಕೋರ್ಸಿನ ಗಾಲ್ಫ್ ಮೈದಾನ ಅಷ್ಟು ಹತ್ತಿರ ಇದ್ದರೂ ಒಂದು ದಿನ ಆ ಕಡೆ ತಲೆ ಹಾಕಿಲ್ಲವಂತೆ. ಯುಗಾದಿಗೆ ಫೋನ್ ಮಾಡಿದಾಗ ಅತ್ತಿಗೆ ಹೇಳಿದರು. ಆಗ ನಗಾಡಿದ್ದೆ.

ಸರಿ ಬಿಡು, ಜಾಸ್ತಿ ಆಯ್ತು. ನಾಲ್ಕು ಗೆರೆ ಡೊಂಕಿಗೆ ಯಾವ ಚೆಂಡೂ ಕೊಳಕ್ಕೆ ಬೀಳುವುದಿಲ್ಲ, ಅದರಲ್ಲಿ ನಿನ್ನ ಪ್ರತಿಭೆಯ ಪಾಲೂ ಇತ್ತು ಅನ್ನುವುದನ್ನು ಓದುಗರು ಗಮನಿಸಬೇಕು. ಡಿಸೆಂಬರಿಗೆ ಬರುವಾಗ ಒಂದು ಸೆವೆನ್ ಐರನ್ ತರುತ್ತೇನೆ. ಅಳೆದಿಲ್ಲ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ.

ಒಂಬತ್ತನೇ ಹೋಲಿನ ಬಾತುಕೋಳಿ ಕ್ಷೇಮ. ನಿನ್ನನ್ನು ಕೇಳುತ್ತಿತ್ತು.

ಇಂತಿ,
ಕೈಗುಣದ ಡಾಕ್ಟರ್